ಟಿವಿಯನ್ನು ಗೋಡೆಗೆ ಹಾಕಿಸುವ ಮುನ್ನ ಗೋಡೆಯನ್ನು ತಿಳಿಯಿರಿ

ಪ್ರಶ್ನೆ: ಮನೆಗೆ ಹೊಸದಾಗಿ 55 ಇಂಚಿನ ಟಿವಿ ತಂದಿದ್ದೇವೆ. ಅದನ್ನು ಹಾಲ್‌ನ ಗೋಡೆಗೆ ಹಾಕಿಸಬೇಕೆಂದಿದ್ದೇವೆ. ಈ ಗೋಡೆ ಇಟ್ಟಿಗೆಯದಲ್ಲ, ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಬ್ಲಾಕಿನದು ಎಂದು ಮನೆ ಕಟ್ಟಿದವರು ಹೇಳಿದ್ದಾರೆ. ಊಟದ ಮೇಜಿನ ಕಡೆಗೂ ತಿರುಗಿಸಿಕೊಳ್ಳಲು ಬರುವಂತೆ, ಮುಂದಕ್ಕೆ ಚಾಚುವ ತೋಳಿನ ಬ್ರ್ಯಾಕೆಟ್ ಬೇಕೆಂಬುದು ನಮ್ಮ ಆಸೆ. ಇಂಥ ಗೋಡೆ ಆ ಭಾರವನ್ನು ತಡೆದೀತೇ? ಟಿವಿ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು? ವೈರುಗಳನ್ನು ಗೋಡೆಯೊಳಗೆ ಮುಚ್ಚಬಹುದೇ? ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ.

ಉತ್ತರ: ಗೋಡೆಗೆ ಒತ್ತಿಕೊಂಡೇ ಇರುವ ಸ್ಥಿರ ಬ್ರ್ಯಾಕೆಟ್ಟನ್ನಾದರೆ, ಎಎಸಿ ಬ್ಲಾಕಿಗೆಂದೇ ತಯಾರಾದ ಆ್ಯಂಕರುಗಳನ್ನು, ಎಂದರೆ ಗೋಡೆಯೊಳಗೆ ಕೂತು ಸ್ಕ್ರೂವನ್ನು ಹಿಡಿದಿಡುವ ಪ್ಲಗ್ಗುಗಳನ್ನು, ಬಳಸಿದಲ್ಲಿ ನಿಮ್ಮ ಗೋಡೆ ನಿಶ್ಚಿಂತೆಯಿಂದ ಹೊರುತ್ತದೆ. ತೋಳಿನ ಬ್ರ್ಯಾಕೆಟ್ಟನ್ನು ಮಾತ್ರ ಪೆಟ್ಟಿಗೆಯಲ್ಲಿ ಬಂದಿರುವ ಸ್ಕ್ರೂ ಮತ್ತು ಪ್ಲಗ್ಗುಗಳಿಂದ ಆ ಗೋಡೆಗೆ ನೇರವಾಗಿ ಹಾಕಿಸಬೇಡಿ. ಅದು ಸಾಧ್ಯವೇ ಇಲ್ಲವೆಂದಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು, ಆ ಏರ್ಪಾಡು ಏಕೆ ಬೇಕೆಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ಟಿವಿ ಎಷ್ಟು ಕೆ.ಜಿ. ತೂಗುತ್ತದೆ, ಬ್ರ್ಯಾಕೆಟ್ ಎಷ್ಟು ಕೆ.ಜಿ. ಹೊರುತ್ತದೆ ಎಂಬೆರಡೇ ಅಂಕಿಗಳನ್ನು ನೋಡಿ ಬಹಳ ಮಂದಿ ಸಮಾಧಾನಪಡುತ್ತಾರೆ. ಬ್ರ್ಯಾಕೆಟ್ಟಿನ ಪೆಟ್ಟಿಗೆಯ ಮೇಲೆ 40 ಕೆ.ಜಿ. ಎಂದು ಬರೆದಿದ್ದರೆ ಅದು ಆ ಉಕ್ಕು ಬಾಗದೆ ತಡೆಯುವ ಭಾರವೇ ಹೊರತು ನಿಮ್ಮ ಗೋಡೆಯ ಬಗ್ಗೆ ಕೊಟ್ಟ ಭರವಸೆಯಲ್ಲ. ಇನ್ನು ಟಿವಿಯ ತೂಕ ಸ್ಕ್ರೂಗಳನ್ನು ಕೆಳಕ್ಕೆ ಒತ್ತುವುದರ ಜೊತೆಗೆ, ಮೇಲಿನ ಸಾಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುತ್ತದೆ. ಕೆಳಮುಖವಾದ ಒತ್ತಡವನ್ನು ಯಾವ ಗೋಡೆಯಾದರೂ ಸಾಕಷ್ಟು ತಡೆಯುತ್ತದೆ. ಟಿವಿ ಕಳಚಿ ಬೀಳುವುದು ಹೆಚ್ಚಾಗಿ ಈ ಹೊರಮುಖದ ಎಳೆತದಿಂದ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದಾಗಲೂ ತೋಳು ಚಾಚಿ ಹಿಡಿದಾಗಲೂ ಕೊಡದ ತೂಕ ಒಂದೇ ಆದರೂ, ಭುಜಕ್ಕೆ ಬೀಳುವ ಶ್ರಮ ಒಂದೇ ಅಲ್ಲವಷ್ಟೆ.

ನಿಮ್ಮ ಟಿವಿ 18 ಕೆ.ಜಿ. ಇದೆಯೆಂದಿಟ್ಟುಕೊಳ್ಳಿ, 55 ಇಂಚಿನ ಇಂದಿನ ಟಿವಿಗಳು ಸ್ಟ್ಯಾಂಡ್ ಬಿಟ್ಟು ಸುಮಾರು 14ರಿಂದ 20 ಕೆ.ಜಿ. ತೂಗುತ್ತವೆ. ಸ್ಥಿರ ಬ್ರ್ಯಾಕೆಟ್ಟಿನಲ್ಲಿ ಟಿವಿಯ ಭಾರಕೇಂದ್ರ ಗೋಡೆಯಿಂದ ಸುಮಾರು 6 ಸೆಂ.ಮೀ. ದೂರದಲ್ಲಿರುತ್ತದೆ. ಗೋಡೆಗೆ ಕೂರುವ ಬ್ರ್ಯಾಕೆಟ್ಟಿನ ಲೋಹದ ತಟ್ಟೆಯ ಕೆಳ ಅಂಚಿನಿಂದ ಮೇಲಿನ ಬೋಲ್ಟುಗಳವರೆಗಿನ ಎತ್ತರ 20 ಸೆಂ.ಮೀ. ಎಂದುಕೊಳ್ಳೋಣ. ತಟ್ಟೆ ತನ್ನ ಕೆಳ ಅಂಚನ್ನು ಆಧಾರವಾಗಿಸಿಕೊಂಡು ಮುಂದಕ್ಕೆ ವಾಲಲು ನೋಡುತ್ತದೆ; ಅದನ್ನು ತಡೆಯಬೇಕಾದ ಎಳೆತ 18ನ್ನು 6ರಿಂದ ಗುಣಿಸಿ 20ರಿಂದ ಭಾಗಿಸಿದಷ್ಟು, ಎಂದರೆ ಎರಡೂ ಮೇಲಿನ ಬೋಲ್ಟುಗಳು ಸೇರಿ 5.4 ಕೆ.ಜಿ. ಮಾತ್ರ. ಈಗ ಅದೇ ಟಿವಿಯನ್ನು ತೋಳಿನ ತುದಿಗೆ ಹಾಕಿ 50 ಸೆಂ.ಮೀ. ಮುಂದಕ್ಕೆ ಎಳೆಯಿರಿ: 18ನ್ನು 50ರಿಂದ ಗುಣಿಸಿ 20ರಿಂದ ಭಾಗಿಸಿದರೆ 45 ಕೆ.ಜಿ. ಬರುತ್ತದೆ. ತೋಳಿನದೇ ತೂಕ 4 ಕೆ.ಜಿ. ಎಂದು ಹಿಡಿದು, ಅದರ ಭಾರಕೇಂದ್ರ ನಡುವಿನಲ್ಲಿದೆಯೆಂದರೆ ಇನ್ನೂ 5 ಕೆ.ಜಿ. ಸೇರಿ ಒಟ್ಟು 50 ಆಯಿತು. ಟಿವಿ ಬದಲಾಗಲಿಲ್ಲ, ಗೋಡೆ ಬದಲಾಗಲಿಲ್ಲ, ಎಳೆತ ಮಾತ್ರ ಒಂಬತ್ತು ಪಟ್ಟಿಗೂ ಹೆಚ್ಚಾಯಿತು. ತೋಳನ್ನು ಪಕ್ಕಕ್ಕೆ, ಊಟದ ಮೇಜಿನ ಕಡೆಗೆ ಹೊರಳಿಸಿದಾಗ ಈ ಎಳೆತ ಎರಡು ಬೋಲ್ಟುಗಳಿಗೆ ಸಮನಾಗಿ ಹಂಚಿಕೆಯಾಗುವುದೂ ಇಲ್ಲ. ಒಂದು ಮೂಲೆಯ ಬೋಲ್ಟೇ ಅದರ ದೊಡ್ಡ ಪಾಲನ್ನು ತಡೆಯಬೇಕಾಗುತ್ತದೆ. ಮುಂದಕ್ಕೆ ಚಾಚಿದ ಟಿವಿಯ ಅಂಚನ್ನು ಹಿಡಿದು 16 ಕೆ.ಜಿ.ಯ ಮಗುವೊಂದು ಜೋತುಬಿದ್ದರೆ ಮತ್ತೂ 40 ಕೆ.ಜಿ. ಸೇರುತ್ತದೆ. ನಾಲ್ಕು ವರ್ಷದ ಮಗು ಇರುವ ಮನೆಯಲ್ಲಿ ಈ ಕೊನೆಯ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ತೀರ್ಮಾನಕ್ಕೂ ಬರಬಾರದು.

ಇದನ್ನೆಲ್ಲ ತಡೆಯಬೇಕಾದದ್ದು ಗೋಡೆಯೊಳಗೆ ಕೂತ ಒಂದು ಪ್ಲಗ್ಗು. ಹಿಂದೆ ಗೋಡೆಯಲ್ಲಿ ತೂತು ಕೊರೆದು ಮರದ ಗೂಟ ಹೊಡೆದು ಅದಕ್ಕೆ ಮೊಳೆಯನ್ನೋ ಸ್ಕ್ರೂವನ್ನೋ ಹಾಕುತ್ತಿದ್ದರು. ಮರ ಒಣಗಿ ಕುಗ್ಗಿದಂತೆ ಹಿಡಿತ ಸಡಿಲವಾಗುತ್ತಿತ್ತು. ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ರೂಪಿಸಿದ ನೈಲಾನ್ ಪ್ಲಗ್ಗು ಆ ಕೊರತೆಯನ್ನು ನೀಗಿಸಿತು. ಸ್ಕ್ರೂ ಒಳಹೋದಂತೆ ಪ್ಲಗ್ಗಿನ ಸೀಳುಗಳು ಅರಳಿ ತೂತಿನ ಗೋಡೆಗಳನ್ನು ಒತ್ತಿಹಿಡಿಯುತ್ತವೆ. ಆದರೆ ಒತ್ತಿದ್ದಕ್ಕೆ ಎದುರು ಒತ್ತು ಕೊಡುವಷ್ಟು ಗಟ್ಟಿಯಾದ ವಸ್ತು ಸುತ್ತಲೂ ಇದ್ದರೆ ಮಾತ್ರ ಈ ಹಿಡಿತ ಉಳಿಯುತ್ತದೆ. ಕಾಂಕ್ರೀಟಿನಲ್ಲಿ, ಚೆನ್ನಾಗಿ ಸುಟ್ಟ ಗಟ್ಟಿ ಇಟ್ಟಿಗೆಯಲ್ಲಿ ಅದು ಇರುತ್ತದೆ. ಎಎಸಿ ಬ್ಲಾಕು ಸಿಮೆಂಟು, ಸುಣ್ಣ, ನುಣುಪಾದ ಮರಳು ಅಥವಾ ಹಾರುಬೂದಿಯ ಮಿಶ್ರಣಕ್ಕೆ ಅಲ್ಯೂಮಿನಿಯಂ ಪುಡಿ ಸೇರಿಸಿ ಉಬ್ಬಿಸಿ, ಒತ್ತಡದ ಹಬೆಯಲ್ಲಿ ಬೇಯಿಸಿ ಮಾಡಿದ್ದು. ಅದರ ಗಾತ್ರದಲ್ಲಿ ಹೆಚ್ಚಿನ ಪಾಲು ಗಾಳಿಯ ಗುಳ್ಳೆಗಳೇ. ಒಂದು ಘನ ಮೀಟರ್ ಕಾಂಕ್ರೀಟು ಸುಮಾರು 2400 ಕೆ.ಜಿ. ತೂಗಿದರೆ ಅಷ್ಟೇ ಗಾತ್ರದ ಎಎಸಿ 550ರಿಂದ 650 ಕೆ.ಜಿ. ತೂಗುತ್ತದೆ. ಮನೆಗೆ ಅದು ಒಳ್ಳೆಯ ಗೋಡೆಯೇ. ಬಿಸಿಲಿನ ತಾಪವನ್ನು ತಡೆಯುತ್ತದೆ, ಕಟ್ಟಡದ ಭಾರವನ್ನು ಇಳಿಸುತ್ತದೆ. ಆದರೆ ಸಾಮಾನ್ಯ ಪ್ಲಗ್ಗು ಅಲ್ಲಿ ಅರಳಿದಾಗ ಗುಳ್ಳೆಗಳ ತೆಳು ಗೋಡೆಗಳು ಪುಡಿಯಾಗಿ, ಬಿಗಿಯಾಯಿತೆಂದು ಕೈಗೆ ಅನಿಸಿದ ಸ್ಕ್ರೂ ಕೆಲವು ತಿಂಗಳಲ್ಲಿ ಸಡಿಲಾಗುತ್ತದೆ. ಲೋಹದ ಎಕ್ಸ್‌ಪ್ಯಾನ್ಷನ್ ಬೋಲ್ಟುಗಳು, ಎಂದರೆ ನಟ್ಟು ಬಿಗಿದಂತೆ ಹಿಗ್ಗುವ ಉಕ್ಕಿನ ಕೊಳವೆಯಿರುವವು, ಇನ್ನೂ ಕೆಡುಕು ಮಾಡುತ್ತವೆ. ದಪ್ಪಗಿರುವುದರಿಂದ ಅವೇ ಭದ್ರವೆಂಬ ನಂಬಿಕೆ ವ್ಯಾಪಕವಾಗಿದೆ. ಕಾಂಕ್ರೀಟಿನಲ್ಲಿ ಅದು ನಿಜ, ನಿಮ್ಮ ಗೋಡೆಯಲ್ಲಿ ಅಲ್ಲ.

ಹಾಗಾಗಿ ಮೊದಲು ಗೋಡೆ ಯಾವುದೆಂದು ನೀವೇ ಖಚಿತಪಡಿಸಿಕೊಳ್ಳಿ. ಒಂದೇ ಮನೆಯಲ್ಲಿ ಹೊರಗೋಡೆ ಒಂದು ಬಗೆ, ಒಳಗೋಡೆ ಇನ್ನೊಂದು ಬಗೆ, ನಡುವೆ ಕಾಂಕ್ರೀಟಿನ ಕಂಬ ಇರುವುದು ಸಾಮಾನ್ಯ. ಬ್ರ್ಯಾಕೆಟ್ಟಿನ ತಟ್ಟೆಯಿಂದ ಮುಚ್ಚಿಹೋಗುವ ಜಾಗದಲ್ಲಿ, ಕೆಳಗೆ ಹೇಳುವಂತೆ ವೈರುಗಳಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, 5 ಮಿ.ಮೀ. ಡ್ರಿಲ್ ಬಿಟ್ಟಿನಿಂದ, ಡ್ರಿಲ್ಲಿನ ಕುಟ್ಟುವ ಹ್ಯಾಮರ್ ಹಾಕದೆ ನಿಧಾನವಾಗಿ ಒಂದು ತೂತು ಕೊರೆಯಿರಿ, ಬೀಳುವ ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಮೊದಲ 12ರಿಂದ 20 ಮಿ.ಮೀ. ಆಳದವರೆಗೆ ಬರುವುದು ಪ್ಲಾಸ್ಟರಿನ ಬೂದು ಪುಡಿ. ಅದನ್ನು ನೋಡಿ ತೀರ್ಮಾನಿಸಬೇಡಿ. ಅದರಾಚೆಗೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಡ್ರಿಲ್ ಬಿಟ್ಟು ಮುಂದೆ ಸರಿಯಲೊಲ್ಲದೆ ಕೀರಲುದನಿ ಎತ್ತಿ, ನುಣುಪಾದ ಬೂದು ಹಿಟ್ಟು ಚಿಟಿಕೆಯಷ್ಟೇ ಬಂದರೆ ಕಾಂಕ್ರೀಟು. ಪ್ಲಾಸ್ಟರ್ ದಾಟಿದ ಕೂಡಲೇ ಬಿಟ್ಟು ಹೆಚ್ಚು ಒತ್ತಡವಿಲ್ಲದೆ ಒಂದೇ ಸಮನೆ ಒಳನಡೆದು, ಬಿಳಿ ಅಥವಾ ತಿಳಿಬೂದು ಬಣ್ಣದ, ಬೆರಳಲ್ಲಿ ಉಜ್ಜಿದರೆ ತರಿತರಿಯಾಗಿ ಪುಡಿಯಾಗುವ ಧೂಳು ರಾಶಿಯಾಗಿ ಸುರಿದರೆ ಅದು ಎಎಸಿ. ಎರಡು ಮೂರು ಸೆಂ.ಮೀ. ಗಟ್ಟಿ ಸಿಕ್ಕಿ ನಂತರ ಡ್ರಿಲ್ ಥಟ್ಟನೆ ಒಳಕ್ಕೆ ಜಾರಿದರೆ ಟೊಳ್ಳು ಕಾಂಕ್ರೀಟ್ ಬ್ಲಾಕು. ಒಂದು ಸೆಂಟಿಮೀಟರಿನಲ್ಲೇ ಜಾರಿದರೆ ಜಿಪ್ಸಂ ಬೋರ್ಡು. ಬೋರ್ಡಿನ ಗೋಡೆಯಾದರೆ ಅದರ ಹಿಂದಿನ ಕಂಬಿಗಳನ್ನು ಹುಡುಕಿ ಅವಕ್ಕೇ ಸ್ಕ್ರೂ ಹಾಕಬೇಕು, ಬರಿಯ ಬೋರ್ಡಿಗೆ ದೊಡ್ಡ ಟಿವಿಯನ್ನು ಎಂದೂ ತೂಗುಹಾಕಬಾರದು. ಕಂಬಿಗಳ ನಡುವಿನ ಅಂತರ ಸಾಮಾನ್ಯವಾಗಿ 40 ಅಥವಾ 60 ಸೆಂ.ಮೀ. ಇರುತ್ತದೆ.

ನಿಮ್ಮದು ಎಎಸಿಯೇ ಆಗಿದ್ದರೆ, ಸ್ಥಿರ ಬ್ರ್ಯಾಕೆಟ್ಟಿಗೆ ಆ ಬ್ಲಾಕಿಗೆಂದೇ ಮಾಡಿದ ಉದ್ದನೆಯ ನೈಲಾನ್ ಆ್ಯಂಕರುಗಳನ್ನು ತರಿಸಿ. ಇವುಗಳಲ್ಲಿ ಉದ್ದಕ್ಕೂ ಸುರುಳಿಯಾಗಿ ಸಾಗುವ ರೆಕ್ಕೆಗಳಿದ್ದು, ಅವು ಬ್ಲಾಕನ್ನು ಒಂದೇ ಕಡೆ ಒತ್ತದೆ ಉದ್ದಕ್ಕೂ ಕಚ್ಚಿಕೊಳ್ಳುತ್ತವೆ. ಒಳ್ಳೆಯ ತಯಾರಕರು ಯಾವ ಗೋಡೆಯಲ್ಲಿ ಒಂದೊಂದು ಆ್ಯಂಕರು ಎಷ್ಟು ಎಳೆತ ತಡೆಯುತ್ತದೆಂಬ ಪಟ್ಟಿಯನ್ನು ಪೊಟ್ಟಣದಲ್ಲೇ ಕೊಡುತ್ತಾರೆ. ಕಾಂಕ್ರೀಟಿನ ಸಾಲನ್ನಲ್ಲ, ಎಎಸಿಯ ಸಾಲನ್ನು ಓದಿ. ಪ್ಲಾಸ್ಟರಿಗೆ ಹಿಡಿತವಿಲ್ಲವೆಂಬುದನ್ನು ನೆನಪಿಡಿ: 50 ಮಿ.ಮೀ. ಉದ್ದದ ಪ್ಲಗ್ಗಿನಲ್ಲಿ 20 ಮಿ.ಮೀ. ಪ್ಲಾಸ್ಟರಿನೊಳಗೇ ಉಳಿದರೆ ಬ್ಲಾಕಿನಲ್ಲಿ ಕೆಲಸ ಮಾಡುವುದು 30 ಮಿ.ಮೀ. ಅಷ್ಟೆ. ಕೊರೆಯುವಾಗ ಹ್ಯಾಮರ್ ಆಫ್ ಆಗಿರಬೇಕು. ಹ್ಯಾಮರಿನ ಕುಟ್ಟುವಿಕೆಗೆ ತೂತು ದೊಡ್ಡದಾಗಿ, ಸುತ್ತಲಿನ ಬ್ಲಾಕು ಒಳಗೊಳಗೇ ಬಿರಿಯುತ್ತದೆ. ಕೊರೆದವರಿಗೆ ಹೊರಗಿನಿಂದ ಏನೂ ಕಾಣುವುದಿಲ್ಲವಾದ್ದರಿಂದ ಈ ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ತೂತಿನ ಆಳ ಪ್ಲಗ್ಗಿಗಿಂತ ಸುಮಾರು 10 ಮಿ.ಮೀ. ಹೆಚ್ಚಿರಲಿ, ಒಳಗಿನ ಪುಡಿಯನ್ನು ಊದಿ ತೆಗೆಯಲಿ. ಸ್ಕ್ರೂವಿನ ಕೊನೆಯ ಸುತ್ತುಗಳನ್ನು ಕೈಯಿಂದಲೇ ಬಿಗಿದು, ತಟ್ಟೆ ಗೋಡೆಗೆ ಕೂತ ಕೂಡಲೇ ನಿಲ್ಲಿಸಬೇಕು. ಇನ್ನೊಂದು ಸುತ್ತು ಇರಲೆಂದು ಬಲ ಹಾಕಿದರೆ ಬ್ಲಾಕಿನೊಳಗಿನ ಹಿಡಿತವೇ ಕಿತ್ತುಹೋಗುತ್ತದೆ.

ತೋಳಿನ ಬ್ರ್ಯಾಕೆಟ್ಟೇ ಬೇಕೆಂದರೆ ನನ್ನ ಮೊದಲ ಸಲಹೆ, ಬೋಲ್ಟುಗಳನ್ನು ಗೋಡೆಯ ಆಚೆ ಬದಿಗೆ ಹಾಯಿಸುವುದು. ಒಳಗೋಡೆಗಳು ಸಾಮಾನ್ಯವಾಗಿ 10 ಅಥವಾ 15 ಸೆಂ.ಮೀ. ದಪ್ಪವಿರುತ್ತವೆ. ಆಚೆಯ ಕೋಣೆಯಲ್ಲಿ ಆ ಜಾಗ ಬೀರುವಿನ ಹಿಂದೆ ಬರುವಂತಿದ್ದರೆ, 8 ಅಥವಾ 10 ಮಿ.ಮೀ. ದಪ್ಪದ, ಮರೆಯಿರುವ (ಸ್ಕ್ರೂವಿನಂತೆ ಸುರುಳಿ ಗೆರೆ ಕೊರೆದ) ಸರಳುಗಳನ್ನು ಪೂರ್ತಿ ತೂರಿಸಿ, ಹಿಂಬದಿಯಲ್ಲಿ ಅಗಲವಾದ ಉಕ್ಕಿನ ಪಟ್ಟಿ ಕೊಟ್ಟು ನಟ್ಟು ಬಿಗಿಯಬಹುದು. ಆಗ ಪ್ಲಗ್ಗಿನ ಹಿಡಿತದ ಪ್ರಶ್ನೆಯೇ ಉಳಿಯುವುದಿಲ್ಲ. ಎಳೆತವೆಲ್ಲ ಹಿಂಬದಿಯ ಪಟ್ಟಿಯ ಮೂಲಕ ಗೋಡೆಯ ವಿಶಾಲವಾದ ಭಾಗಕ್ಕೆ ಒತ್ತಾಗಿ ಹರಡುತ್ತದೆ.

ಆಚೆಬದಿ ಬಳಸಲು ಬಾರದಿದ್ದರೆ ಎರಡನೆಯ ದಾರಿ ಪ್ಲೈವುಡ್ ಹಲಗೆ. 18 ಮಿ.ಮೀ.ಗೆ ಕಡಿಮೆಯಿಲ್ಲದ ದಪ್ಪದ, ಸುಮಾರು 60 ಸೆಂ.ಮೀ. ಎತ್ತರದ, ಟಿವಿಯ ಹಿಂದೆ ಅಡಗುವಷ್ಟು ಅಗಲದ ಹಲಗೆಯನ್ನು ಎಂಟು ಹತ್ತು ಉದ್ದನೆಯ ಆ್ಯಂಕರುಗಳಿಂದ ಗೋಡೆಗೆ ಬಿಗಿದು, ಬ್ರ್ಯಾಕೆಟ್ಟನ್ನು ಆ ಹಲಗೆಗೆ ಹಿಂದಿನಿಂದ ಬಂದ ಬೋಲ್ಟುಗಳಿಂದ ಕೂರಿಸಬೇಕು. ಮೇಲಿನ ಲೆಕ್ಕವನ್ನೇ ಇಲ್ಲಿಗೂ ಹಾಕಿ ನೋಡಿ. ಕೆಳ ಅಂಚಿನಿಂದ ಮೇಲಿನ ಆ್ಯಂಕರುಗಳವರೆಗಿನ ಎತ್ತರ 20 ಸೆಂ.ಮೀ. ಇದ್ದದ್ದು 50 ಆಗುತ್ತದೆ. 50 ಕೆ.ಜಿ. ಇದ್ದ ಎಳೆತ 20ಕ್ಕೆ ಇಳಿಯುತ್ತದೆ. ಅದನ್ನು ಎರಡರ ಬದಲು ನಾಲ್ಕು ಆ್ಯಂಕರುಗಳು ಹಂಚಿಕೊಂಡಾಗ ಒಂದೊಂದಕ್ಕೂ ಸರಾಸರಿ 5 ಕೆ.ಜಿ. ಬೀಳುತ್ತದೆ, ಮೊದಲಿದ್ದುದು 25. ಹಲಗೆ ಸ್ವಲ್ಪ ಬಾಗುವುದರಿಂದ ನಡುವಿನವಕ್ಕೆ ತುಸು ಹೆಚ್ಚು ಬೀಳುತ್ತದೆ ನಿಜ, ಆದರೂ ಎರಡು ಏರ್ಪಾಡುಗಳ ನಡುವಿನ ವ್ಯತ್ಯಾಸ ಅಗಾಧವಾದದ್ದು. ತೂತಿನೊಳಗೆ ರಾಳ ತುಂಬಿ ಸರಳು ಕೂರಿಸುವ ಕೆಮಿಕಲ್ ಆ್ಯಂಕರು ಮೂರನೆಯ ದಾರಿ. ಎಎಸಿಗೆ ಒಪ್ಪುವ ರಾಳವನ್ನೇ ಆರಿಸಿ, ಅದು ಗಟ್ಟಿಯಾಗಲು ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಕಾಯುವ ತಾಳ್ಮೆಯಿರುವ ಕೆಲಸಗಾರರಿದ್ದರೆ ಮಾತ್ರ ಇದನ್ನು ಮಾಡಿಸಿ.

ಇಷ್ಟೆಲ್ಲದರ ಮುನ್ನ ನಿಮಗೆ ತೋಳು ನಿಜವಾಗಿ ಬೇಕೇ ಎಂಬುದನ್ನೊಮ್ಮೆ ಪರೀಕ್ಷಿಸಿ. ಊಟದ ಮೇಜಿನಲ್ಲಿ ಕೂತು, ಟಿವಿ ಬರುವ ಜಾಗವನ್ನು ನೋಡಿ. ಗೋಡೆಗೆ ನೇರ ಎದುರಿನಿಂದ ನಿಮ್ಮ ನೋಟ 30 ಡಿಗ್ರಿಗಿಂತ ಕಡಿಮೆ ಓರೆಯಾಗಿದ್ದರೆ ಬಹುಪಾಲು ಟಿವಿಗಳ ಚಿತ್ರ ಸಾಕಷ್ಟು ಚೆನ್ನಾಗಿಯೇ ಕಾಣುತ್ತದೆ. ಐಪಿಎಸ್ ಮತ್ತು ಒಎಲ್‌ಇಡಿ ಎಂಬ ಬಗೆಯ ಪರದೆಗಳಲ್ಲಿ ಇನ್ನೂ ಓರೆಯಿಂದಲೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ, ವಿಎ ಎಂಬ ಬಗೆಯ ಪರದೆಗಳಲ್ಲಿ ಮಾತ್ರ ಓರೆ ಹೆಚ್ಚಿದಂತೆ ಕಪ್ಪು ಬಣ್ಣ ಬೂದಾಗುತ್ತದೆ. ಮಗು ಚಿಕ್ಕದಿರುವವರೆಗೆ ಸ್ಥಿರ ಬ್ರ್ಯಾಕೆಟ್ಟೇ ಇರಲಿ ಎಂಬುದು ನನ್ನ ಅಭಿಪ್ರಾಯ. ಗೋಡೆಗೆ ಅಂಟಿಕೊಂಡ ಟಿವಿಯ ಅಂಚನ್ನು ಹಿಡಿದು ಜೋತುಬೀಳಲು ಮಗುವಿಗೆ ಹಿಡಿಯೇ ಸಿಗುವುದಿಲ್ಲ. ಸ್ಟ್ಯಾಂಡಿನ ಮೇಲೆ ಸುಮ್ಮನೆ ನಿಲ್ಲಿಸಿದ ಟಿವಿ ಮಗು ಎಳೆದಾಗ ಮುಂದಕ್ಕೆ ಮಗುಚುವ ಅಪಾಯ ಇದ್ದೇ ಇರುವುದರಿಂದ, ಗೋಡೆಗೆ ಹಾಕಿಸುವ ನಿಮ್ಮ ನಿರ್ಧಾರವೇ ಸರಿಯಾದದ್ದು. ಟಿವಿಯ ಕೆಳಗೆ ಮೆಟ್ಟಿಲಿನಂತೆ ಹತ್ತಲು ಬರುವ ಡ್ರಾಯರು ಇಡಬೇಡಿ, ಅದರ ಮೇಲೆ ಆಟಿಕೆ, ರಿಮೋಟುಗಳನ್ನೂ ಇಡಬೇಡಿ.

ಎತ್ತರದ ವಿಷಯಕ್ಕೆ ಬಂದರೆ, ಬಹುಪಾಲು ಮನೆಗಳಲ್ಲಿ ಟಿವಿ ಬೇಕಾದುದಕ್ಕಿಂತ ಮೇಲಿರುತ್ತದೆ. ಅಳವಡಿಸುವವರು ನಿಂತುಕೊಂಡು ಗುರುತು ಹಾಕುತ್ತಾರೆ, ನೋಡುವವರು ಕೂತು ನೋಡುತ್ತಾರೆ. ಸೋಫಾದಲ್ಲಿ ಕೂತ ವಯಸ್ಕರ ಕಣ್ಣು ನೆಲದಿಂದ ಸುಮಾರು 100ರಿಂದ 110 ಸೆಂ.ಮೀ. ಎತ್ತರದಲ್ಲಿರುತ್ತದೆ, ಪರದೆಯ ನಡುಭಾಗ ಅದರ ಆಸುಪಾಸಿನಲ್ಲಿದ್ದರೆ ಕುತ್ತಿಗೆಗೆ ಹಿತ. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂ.ಮೀ., ಎತ್ತರ 68 ಸೆಂ.ಮೀ. ನಡುಭಾಗವನ್ನು 105ಕ್ಕೆ ಇಟ್ಟರೆ ಕೆಳ ಅಂಚು 71ಕ್ಕೆ ಬರುತ್ತದೆ. ನೀವು 2.5 ಮೀಟರ್ ದೂರದಲ್ಲಿ ಕೂರುವವರಾದರೆ, ಪರದೆ 20–30 ಸೆಂ.ಮೀ. ಮೇಲೇರಿದರೂ ನೋಟ ಏರುವುದು 5ರಿಂದ 7 ಡಿಗ್ರಿ ಮಾತ್ರ. ಮಗುವಿನ ಕೈ ಮತ್ತು ಕೆಳಗಿನ ಸೌಂಡ್‌ಬಾರಿಗಾಗಿ ಇಷ್ಟು ಬಿಟ್ಟುಕೊಡಬಹುದು. ಆದರೆ ನಿಂತವರ ಕಣ್ಮಟ್ಟಕ್ಕೆ, ಎಂದರೆ ನಡುಭಾಗವನ್ನು 165ಕ್ಕೆ ಏರಿಸಿದರೆ, ನಡುವಿಗೇ 13 ಡಿಗ್ರಿ, ಮೇಲಂಚಿಗೆ 20 ಡಿಗ್ರಿಯಷ್ಟು ತಲೆ ಎತ್ತಬೇಕಾಗುತ್ತದೆ; ಎರಡು ತಾಸಿನ ಸಿನಿಮಾ ಮುಗಿಯುವಷ್ಟರಲ್ಲಿ ಕುತ್ತಿಗೆ ಹಿಂಭಾಗ ಅದನ್ನು ತಿಳಿಸುತ್ತದೆ. ಅನಿವಾರ್ಯವಾಗಿ ಮೇಲೆ ಹಾಕಬೇಕಾದಲ್ಲಿ ಪರದೆಯನ್ನು ಮುಂದಕ್ಕೆ ಬಾಗಿಸುವ ಟಿಲ್ಟ್ ಬ್ರ್ಯಾಕೆಟ್ ಬಳಸಿ. ಅದು ಚಿತ್ರವನ್ನು ಸರಿಪಡಿಸುತ್ತದೆ, ಕುತ್ತಿಗೆಯನ್ನಲ್ಲ. 122ಕ್ಕೆ 68 ಸೆಂ.ಮೀ. ಅಳತೆಯ ಕಾಗದವನ್ನು ಗೋಡೆಗೆ ಅಂಟಿಸಿ, ಎರಡು ಮೂರು ಸಂಜೆ ನೀವು ಕೂರುವ ಜಾಗದಲ್ಲೇ ಕೂತು ನೋಡಿ. ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆಂಬುದೂ ಆಗಲೇ ಗೊತ್ತಾಗುತ್ತದೆ.

ಎತ್ತರ ನಿರ್ಧಾರವಾದ ಮೇಲೂ ತೂತಿನ ಗುರುತು ಎಡವಟ್ಟಾಗುವುದುಂಟು, ಏಕೆಂದರೆ ಟಿವಿಯ ಹಿಂದಿರುವ ನಾಲ್ಕು ತೂತುಗಳು ಹೆಚ್ಚಾಗಿ ಪರದೆಯ ನಡುವಿಗಲ್ಲ, ಅದಕ್ಕಿಂತ ಕೆಳಗಿರುತ್ತವೆ. ಈ ತೂತುಗಳ ಅಂತರ ವೆಸಾ ಮಾನಕದಂತೆ 200ಕ್ಕೆ 200, 300ಕ್ಕೆ 300, 400ಕ್ಕೆ 400 ಮಿ.ಮೀ. ಮುಂತಾಗಿರುತ್ತದೆ, ನಿಮ್ಮ ಬ್ರ್ಯಾಕೆಟ್ ಆ ಅಂತರಕ್ಕೆ ಹೊಂದುತ್ತದೆಯೇ ಎಂದು ಮೊದಲೇ ನೋಡಿ. ಬ್ರ್ಯಾಕೆಟ್ಟಿನ ಪಟ್ಟಿಗಳನ್ನು ಟಿವಿಯ ಹಿಂಬದಿಗೆ ಹಾಕಿದ ಮೇಲೆ, ಟಿವಿಯ ಕೆಳ ಅಂಚಿನಿಂದ ಪಟ್ಟಿಯ ಕೊಕ್ಕೆಯವರೆಗೆ ಅಳೆಯಿರಿ. ಅದು 45 ಸೆಂ.ಮೀ. ಇದ್ದು, ಕೆಳ ಅಂಚು ನೆಲದಿಂದ 75ರಲ್ಲಿರಬೇಕೆಂದರೆ ಕೊಕ್ಕೆ ಕೂರುವ ಅಂಚು 120ರಲ್ಲಿರಬೇಕು. ಗೋಡೆಯ ತಟ್ಟೆಯಲ್ಲಿ ಆ ಅಂಚಿಗಿಂತ ತೂತುಗಳು 3 ಸೆಂ.ಮೀ. ಕೆಳಗಿದ್ದರೆ ಗುರುತು 117ಕ್ಕೆ ಬೀಳಬೇಕು. ರಸಮಟ್ಟ ಹಿಡಿದು ಗೆರೆ ಎಳೆದು, ಸೂರಿನಿಂದ ಅಳೆದ ಗುರುತನ್ನು ನಂಬದೆ ಕೊರೆಯಿರಿ. ಸೂರು ನೇರವಾಗಿರುತ್ತದೆಂಬ ಭರವಸೆ ಯಾವ ಮನೆಯಲ್ಲೂ ಇಲ್ಲ.

ಟಿವಿಗೆ ಹಾಕುವ ಬೋಲ್ಟುಗಳ ಉದ್ದವೂ ಮುಖ್ಯ. 55 ಇಂಚಿನವಕ್ಕೆ ಸಾಮಾನ್ಯವಾಗಿ 6 ಮಿ.ಮೀ., ಕೆಲವಕ್ಕೆ 8 ಮಿ.ಮೀ. ದಪ್ಪದ ಬೋಲ್ಟು ಬೇಕು. ಟಿವಿಯ ತೂತಿಗೆ ಸಣ್ಣ ಕಡ್ಡಿ ಇಳಿಸಿ ಆಳ ಗುರುತಿಸಿಕೊಳ್ಳಿ. ಪಟ್ಟಿಯ ದಪ್ಪ ಕಳೆದು ಬೋಲ್ಟು ಒಳಹೋಗುವ ಉದ್ದ ಅದಕ್ಕಿಂತ ಕಡಿಮೆಯಿರಬೇಕು, ಬೋಲ್ಟಿನ ದಪ್ಪದಷ್ಟಾದರೂ ಮರೆ ಹಿಡಿದಿರಬೇಕು. ಉದ್ದ ಹೆಚ್ಚಾದ ಬೋಲ್ಟನ್ನು ಡ್ರಿಲ್ಲಿನಿಂದ ತಿರುಗಿಸಿದರೆ ಅದು ಒಳಗಿನ ಫಲಕವನ್ನು ಒತ್ತಿ ಪರದೆಯನ್ನೇ ಹಾಳುಮಾಡುತ್ತದೆ. ಕೈಯಿಂದಲೇ ತಿರುಗಿಸಿ, ಅಡ್ಡಿಯೆನಿಸಿದಲ್ಲಿ ನಿಲ್ಲಿಸಿ, ಬೇಕಿದ್ದರೆ ಸ್ಪೇಸರ್ (ನಡುವೆ ಅಂತರ ತುಂಬುವ ಬಿಲ್ಲೆ) ಕೊಡಿ.

ವೈರುಗಳ ಬಗ್ಗೆ ಎರಡು ಮಾತು, ಒಂದು ಕೊರೆಯುವ ಮುನ್ನ, ಇನ್ನೊಂದು ಮುಚ್ಚುವಾಗ. ಸ್ವಿಚ್‌ಬೋರ್ಡು, ಸಾಕೆಟ್ಟುಗಳ ನೇರ ಮೇಲೆ, ಕೆಳಗೆ ಮತ್ತು ಅದೇ ಮಟ್ಟದಲ್ಲಿ ಅಕ್ಕಪಕ್ಕದಲ್ಲಿ ವೈರಿನ ಪೈಪು ಹಾದುಹೋಗಿರುವ ಸಂಭವ ಹೆಚ್ಚು. ಗೋಡೆಯ ಆಚೆ ಸ್ನಾನದ ಮನೆಯಿದ್ದರೆ ನೀರಿನ ಪೈಪೂ ಇರಬಹುದು. ವೈರು, ಪೈಪು ಪತ್ತೆಹಚ್ಚುವ ಡಿಟೆಕ್ಟರಿನಿಂದ ಪರೀಕ್ಷಿಸಿ, ಆ ಕೋಣೆಯ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಆಫ್ ಮಾಡಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಎಕ್ಸ್‌ಟೆನ್ಷನ್ ತೆಗೆದುಕೊಳ್ಳಿ. ಇನ್ನು ಟಿವಿಯ ಮೆತ್ತನೆಯ ವಿದ್ಯುತ್ ಕಾರ್ಡನ್ನು ಗೋಡೆಯೊಳಗೆ ಹೂಳಲೇಬಾರದು. ಅದು ಅದಕ್ಕಾಗಿ ಮಾಡಿದ್ದಲ್ಲ, ಒಳಗೆ ಬಿಸಿಯಾಗಿ ಹೊದಿಕೆ ಕೆಟ್ಟರೆ ಕಾಣುವುದೂ ಇಲ್ಲ. ಟಿವಿಯ ಹಿಂದೆಯೇ, ತಟ್ಟೆಗೆ ಅಡ್ಡವಾಗದಂತೆ, ಭೂಸಂಪರ್ಕವಿರುವ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ನರಿಂದ ಹಾಕಿಸಿ. ಎಚ್‌ಡಿಎಂಐ, ನೆಟ್‌ವರ್ಕ್ ಕೇಬಲ್ಲುಗಳಿಗೆ ಬೇರೆಯದೇ ಪೈಪು ಬೇಕು, ಅದು 40 ಮಿ.ಮೀ.ಗೆ ಕಡಿಮೆಯಿದ್ದರೆ ಕೇಬಲ್ಲಿನ ತಲೆ ತೂರುವುದು ಕಷ್ಟ. 4ಕೆ ಚಿತ್ರಕ್ಕೆ ಸಾಮಾನ್ಯ ಎಚ್‌ಡಿಎಂಐ ಕೇಬಲ್ಲು 5 ಮೀಟರಿಗಿಂತ ಉದ್ದವಾದರೆ ಭರವಸೆಯಿಡಲಾಗದು, ಅಲ್ಲಿ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕಿಸುವುದು ಒಳಿತು.

ಆದರೆ ನಿಮ್ಮ ಗೋಡೆ 10 ಸೆಂ.ಮೀ.ಯದಾಗಿದ್ದರೆ ಅದನ್ನು ಕಡಿಯಲೇಬೇಡಿರೆಂದು ಕೇಳಿಕೊಳ್ಳುತ್ತೇನೆ. ಲಂಬವಾದ ಗಾಡಿಯನ್ನು (ಪೈಪು ಕೂರಿಸಲು ಗೋಡೆಯಲ್ಲಿ ಕಡಿಯುವ ಕಾಲುವೆಯನ್ನು) ಗೋಡೆಯ ದಪ್ಪದ ಮೂರನೆಯ ಒಂದು ಭಾಗಕ್ಕಿಂತ, ಅಡ್ಡ ಗಾಡಿಯನ್ನು ಆರನೆಯ ಒಂದು ಭಾಗಕ್ಕಿಂತ ಆಳವಾಗಿ ತೆಗೆಯಬಾರದೆಂಬುದು ಕಟ್ಟಡದವರು ಪಾಲಿಸುವ ನಿಯಮ, 40 ಮಿ.ಮೀ. ಪೈಪು ಅದರಲ್ಲಿ ಹಿಡಿಯುವುದಿಲ್ಲ. ಅದೂ ಆ್ಯಂಕರುಗಳು ಕೂರಬೇಕಾದ ಜಾಗದ ಪಕ್ಕದಲ್ಲೇ ಗೋಡೆಯನ್ನು ದುರ್ಬಲಗೊಳಿಸುವುದು ಸರಿಯಲ್ಲ. ಗೋಡೆಯ ಬಣ್ಣವನ್ನೇ ಬಳಿದ ತೆಳು ಕೇಸಿಂಗ್ ಪಟ್ಟಿಯಲ್ಲಿ ವೈರುಗಳನ್ನು ಇಳಿಸಿದರೆ ಕೆಲವೇ ದಿನಗಳಲ್ಲಿ ಅದು ಕಣ್ಣಿಗೆ ಬೀಳುವುದೂ ಇಲ್ಲ, ನಾಳೆ ಕೇಬಲ್ ಬದಲಿಸುವುದೂ ಸುಲಭ.

ಟಿವಿಯನ್ನು ತೂಗುವ ಮುನ್ನ, ಬಿಗಿದ ತಟ್ಟೆಯ ಮೇಲಂಚನ್ನು ಎರಡೂ ಕೈಯಿಂದ ಹಿಡಿದು ನಿಧಾನವಾಗಿ ಮೈಭಾರ ಬಿಟ್ಟು ಹೊರಕ್ಕೆ ಎಳೆದು ನೋಡಿ. ಮೇಲಂಚಿಗೂ ಗೋಡೆಗೂ ನಡುವೆ ಒಂದು ಕಾಗದ ತೂರುವಷ್ಟು ಸಂದು ಬಿಟ್ಟರೂ ಕೆಲಸ ನಿಲ್ಲಿಸಿ. ಸರಿಯಿದ್ದರೆ ಇಬ್ಬರು ಸೇರಿ, ಟಿವಿಯನ್ನು ನಿಲುವಾಗಿಯೇ ಹಿಡಿದು, ಪರದೆಯನ್ನು ಬೆರಳಿನಿಂದ ಒತ್ತದೆ ಅಂಚುಗಳನ್ನು ಹಿಡಿದು ಕೊಕ್ಕೆಗೆ ಕೂರಿಸಿ, ಕೆಳಗಿನ ಲಾಕ್ ಸ್ಕ್ರೂಗಳನ್ನು ಹಾಕಿ. ಆ ಸ್ಕ್ರೂಗಳನ್ನು ಹಾಕದೆ ಬಿಟ್ಟ ಟಿವಿಯನ್ನು ಒರೆಸುವಾಗ ತುಸು ಮೇಲೆತ್ತಿದರೂ ಕೊಕ್ಕೆ ಕಳಚುತ್ತದೆ.

ಒಂದು ತಿಂಗಳ ನಂತರ, ಆಮೇಲೆ ವರ್ಷಕ್ಕೊಮ್ಮೆ, ಟಾರ್ಚ್ ಹಿಡಿದು ಹಿಂಬದಿಯನ್ನು ನೋಡಿ. ತಟ್ಟೆಯ ಮೇಲಂಚಿನಲ್ಲಿ ಸಂದು, ಸ್ಕ್ರೂಗಳಿಂದ ಹೊರಟ ಕೂದಲೆಳೆಯ ಬಿರುಕು, ನೇರ ಕೆಳಗೆ ನೆಲದಲ್ಲಿ ಬಿಳಿ ಪುಡಿ ಕಂಡರೆ ಟಿವಿಯನ್ನು ಅಂದೇ ಇಳಿಸಿ. ಸಡಿಲಾದ ತೂತಿಗೆ ಬೆಂಕಿಕಡ್ಡಿ ತುರುಕುವುದು, ಸಿಮೆಂಟು ಮೆತ್ತಿ ಅದೇ ಪ್ಲಗ್ಗನ್ನು ಮತ್ತೆ ಹೊಡೆಯುವುದು ಬೇಡ. ಸುತ್ತಲಿನ ಬ್ಲಾಕು ಆಗಲೇ ಪುಡಿಯಾಗಿರುವುದರಿಂದ ಅಲ್ಲಿ ಹಿಡಿತ ಮರಳುವುದಿಲ್ಲ. ಹಳೆಯ ತೂತನ್ನು ತುಂಬಿ ಬಿಟ್ಟುಬಿಡಿ. ತಟ್ಟೆಯಲ್ಲಿ ಉದ್ದನೆಯ ಸೀಳುಗಳಿದ್ದರೆ ಅಷ್ಟು ದೂರ ಸರಿದು ಗಟ್ಟಿಯಾದ ಜಾಗದಲ್ಲಿ ಹೊಸದಾಗಿ ಕೊರೆಸಿ, ಇಲ್ಲದಿದ್ದರೆ ಮೇಲೆ ಹೇಳಿದ ಪ್ಲೈವುಡ್ ಹಲಗೆಯನ್ನು ಹಾಕಿಸಿ.